ದುಬೈಗೆ ಮನೆ ನೋಡಲು ಹೋದದ್ದು

ನಮ್ಮ ಮನೆಯ ಕಪಾಟಿನಲ್ಲಿ ಒಂದು ಸ್ವೆಟರ್ ಇದೆ. ಬೂದು ಬಣ್ಣದ್ದು, ಎದುರಿಗೆ ಕತ್ತಿನವರೆಗೆ ಗುಂಡಿ ಇರುವಂಥದ್ದು. ಹೊನ್ನಾವರದಂಥ ಊರಿನಲ್ಲಿ ಸ್ವೆಟರ್ ಇಟ್ಟುಕೊಂಡವನಿಗೆ ಒಂದೋ ದಮ್ಮಿನ ಕಾಯಿಲೆ ಇರಬೇಕು, ಇಲ್ಲವೇ ಘಟ್ಟದ ಮೇಲೆ ಮಾವನ ಮನೆ ಇರಬೇಕು. ನನಗೆ ಎರಡೂ ಇಲ್ಲ. ಕಪಾಟು ತೆರೆದಾಗ ಯಾರಾದರೂ ಕಂಡು ಕೇಳಿದರೆ, "ದುಬೈಯಲ್ಲಿ ತಗೊಂಡೆ" ಎನ್ನುತ್ತೇನೆ. ಅವರು ನಗುತ್ತಾರೆ. ನಗಲಿ ಬಿಡಿ. ಮರಳುಗಾಡಿಗೆ ಹೋಗಿ ಚಳಿಯಲ್ಲಿ ನಡುಗಿ, ಮೂಗು ಸೋರಿಸಿಕೊಂಡು ವಾಪಸು ಬಂದವನು ಈ ತಾಲೂಕಿನಲ್ಲಿ ನಾನೊಬ್ಬನೇ ಇದ್ದೇನು.

ನಾನು ಬಸ್ ಕಂಡಕ್ಟರ್ ಆಗಿದ್ದವನು. ಭಟ್ಕಳ, ಹೊನ್ನಾವರ, ಕುಮಟಾ, ಮತ್ತೆ ಕುಮಟಾ, ಹೊನ್ನಾವರ, ಭಟ್ಕಳ. ಇಷ್ಟೇ ನನ್ನ ಜಗತ್ತು. ಭಟ್ಕಳದ ಸ್ಟಾಪಿನಲ್ಲಿ ಗಲ್ಫಿನಿಂದ ಬಂದವರು ಹಗ್ಗ ಕಟ್ಟಿದ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ಹತ್ತಿಸುವಾಗ, "ಇದಕ್ಕೂ ಟಿಕೆಟ್ ಆಗ್ತದೆ ಮಾರಾಯ್ರೇ" ಎಂದು ಜಗಳ ಮಾಡಿದ್ದು ಬಿಟ್ಟರೆ ನನಗೂ ಆ ದೇಶಗಳಿಗೂ ಸಂಬಂಧ ಇರಲಿಲ್ಲ. ಆ ಪೆಟ್ಟಿಗೆಗಳ ವಾಸನೆ ಮಾತ್ರ ಚೆನ್ನಾಗಿ ನೆನಪಿದೆ. ಸಾಬೂನು, ಅತ್ತರು, ಹೊಸ ಕಂಬಳಿ ಎಲ್ಲ ಕೂಡಿದ ಒಂದು ವಾಸನೆ. ಆಗೆಲ್ಲ ನಾನು ದುಬೈ ಎಂದರೆ ಆ ವಾಸನೆಯ ಊರು ಎಂದುಕೊಂಡಿದ್ದೆ. ಹೋಗಿ ನೋಡಿದರೆ ಆ ಊರಿಗೆ ಯಾವ ವಾಸನೆಯೂ ಇರಲಿಲ್ಲ. ಅಷ್ಟು ಜನ ಇದ್ದೂ ವಾಸನೆ ಇಲ್ಲದ ಊರನ್ನು ನಾನು ಕಂಡದ್ದು ಅದೇ ಮೊದಲು.

ಹೋದದ್ದು ಯಾಕೆಂದರೆ, ಮನೆ ನೋಡಲು. ಹಳದೀಪುರದಲ್ಲಿರುವ ನನ್ನ ಅಕ್ಕನ ಮಗಳು ಅಶ್ವಿನಿಗೆ ಕುಮಟಾದ ಹತ್ತಿರದ ಹೊಳನಗದ್ದೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಪ್ರಶಾಂತ, ಐ.ಟಿ.ಐ. ಓದಿ ದುಬೈಯಲ್ಲಿ ಲಿಫ್ಟ್ ರಿಪೇರಿ ಕೆಲಸದಲ್ಲಿದ್ದ. ರಜೆಯಲ್ಲಿ ಬಂದು ಹುಡುಗಿಯನ್ನು ನೋಡಿ ಹೋದ. ಇಬ್ಬರೂ ಫೋನಿನಲ್ಲಿ ಮಾತಾಡುತ್ತಿದ್ದರು. ಎಲ್ಲ ಸರಿ ಇತ್ತು. ಆದರೆ ನಮ್ಮಲ್ಲಿ ಒಂದು ಪದ್ಧತಿ ಉಂಟಲ್ಲ, ಹುಡುಗಿಯ ಕಡೆಯ ಹಿರಿಯರು ಹೋಗಿ ಹುಡುಗನ ಮನೆ ನೋಡಿ ಬರುವವರೆಗೆ ಮಾತು ಪಕ್ಕಾ ಆಗುವುದಿಲ್ಲ. ಬಾವಿಯಲ್ಲಿ ನೀರು ಎಷ್ಟಿದೆ, ಕೊಟ್ಟಿಗೆಯಲ್ಲಿ ಎಷ್ಟು ಬಾಲ, ಹುಲ್ಲಿನ ಬಣವೆ ಎಷ್ಟು ಎತ್ತರ, ಬೇಲಿಯ ಆಚೆಯವರ ಬಾಯಿ ಹೇಗೆ, ಇಷ್ಟನ್ನು ನೋಡಬೇಕು. ಇನ್ನೊಂದು ಕಟ್ಟಳೆಯೂ ಇದೆ. ಮನೆ ನೋಡಲು ಹೋದವರು ಚಹ ಕುಡಿಯಬಹುದು, ಅವಲಕ್ಕಿ ತಿನ್ನಬಹುದು. ಅನ್ನ ಉಣ್ಣಬಾರದು. ಉಂಡರೆ ಒಪ್ಪಿದ ಹಾಗೆ.

"ಹೊಳನಗದ್ದೆ ಮನೆ ನೋಡಿ ಎಂತ ಮಾಡೂದು? ಹುಡುಗಿ ಮುಂದೆ ಇರೂದು ದುಬೈಲಿ" ಎಂದು ಭಾವ ಹಟ ಹಿಡಿದ. ಹುಡುಗನ ತಂದೆಯೂ ಬಿಡಲಿಲ್ಲ. "ನೋಡ್ಕಂಡೇ ಬರ್ಲಿ. ನಮ್ಮ ಮಗನ ಮನೆ ಇಪ್ಪತ್ತೇಳನೇ ಮಾಳಿಗೆಯಲ್ಲಿ ಇದ್ದು" ಎಂದ. ಟಿಕೆಟ್, ವೀಸಾ ಎಲ್ಲ ಹುಡುಗನೇ ಕಳಿಸಿದ. ಭಾವನಿಗೆ ಶರಾವತಿ ಸೇತುವೆ ದಾಟುವಾಗಲೇ ತಲೆ ತಿರುಗುತ್ತದೆ, ವಿಮಾನದ ಮಾತು ದೂರ. ಹಾಗಾಗಿ ಸೋದರಮಾವನಾದ ನನ್ನ ಹೆಗಲಿಗೆ ಬಿತ್ತು.

ಹೊರಡುವ ಮುಂಚೆ ಅಶ್ವಿನಿ ನನ್ನನ್ನು ಅಂಗಳದ ಮೂಲೆಗೆ ಕರೆದಳು. ಹೊನ್ನಾವರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ, ಸ್ಕೂಟಿಯಲ್ಲಿ ಒಬ್ಬಳೇ ಹೋಗಿ ಬರುವವಳು. ಮಾತು ಕಡಿಮೆ, ಆಡಿದರೆ ಸೂಜಿ ಚುಚ್ಚಿದ ಹಾಗೆ.

"ಮಾವಾ, ಅಪ್ಪ ಹೇಳಿದ್ದೆಲ್ಲ ನೋಡೂದು ಬೇಡ. ಒಂದೇ ಒಂದು ನೋಡ್ಕಂಡ್ ಬಾ. ನಾನು ಒಬ್ಳೇ ಮನೆ ಬಾಗ್ಲು ಹಾಕ್ಕಂಡು, ನಡ್ಕಂಡು ಹೋಗಿ, ಒಂದು ಕಟ್ಟು ಕೊತ್ತಂಬರಿ ಸೊಪ್ಪು ತಕಂಡು, ತಿರುಗಿ ಬರೂಕೆ ಆಗ್ತದಾ?"

"ಇದೆಂತ ಪ್ರಶ್ನೆ?" ಎಂದೆ.

"ಸವಿತಂಗೆ ಫೋನ್ ಮಾಡಿದ್ರೆ ಕಿಟಕಿಯಲ್ಲಿ ಕಂಡದ್ದು ಬಿಟ್ರೆ ಬೇರೆ ಸುದ್ದಿನೇ ಇಲ್ಲ. ಇವತ್ತು ಕ್ರೇನ್ ಆ ಬದಿಗೆ ತಿರುಗ್ತು, ಇವತ್ತು ಈ ಬದಿಗೆ ತಿರುಗ್ತು. ನಂಗೆ ಹಾಗೆ ಇರೂಕೆ ಆಗೂದಿಲ್ಲ. ಹುಡುಗ ಅಡ್ಡಿಲ್ಲ. ಆದರೆ ಆಗೂದಿಲ್ಲ ಅಂದ್ರೆ ಆಗೂದಿಲ್ಲ."

ಸವಿತಾ ಅವಳ ಗೆಳತಿ. ಗಲ್ಫಿನ ಯಾವುದೋ ಊರಿಗೆ ಮದುವೆಯಾಗಿ ಹೋದವಳು. ಅಶ್ವಿನಿಯ ಕಣ್ಣಲ್ಲಿ ನೀರಿತ್ತು. ಅಲ್ಲಿಯವರೆಗೆ ಅವಳು ಅತ್ತದ್ದನ್ನು ನಾನು ಕಂಡವನಲ್ಲ. ಹಾಗಾಗಿ ನಾನು ಭಾವನ ಬಾವಿ, ಕೊಟ್ಟಿಗೆ ಎಲ್ಲ ಬಿಟ್ಟು ಕೊತ್ತಂಬರಿ ಸೊಪ್ಪನ್ನೇ ತಲೆಯಲ್ಲಿಟ್ಟುಕೊಂಡು ಮಂಗಳೂರಿನಿಂದ ವಿಮಾನ ಹತ್ತಿದೆ.

ದುಬೈ ಹೇಗಿದೆ ಎಂದು ಕೇಳುವವರಿಗೆ ನಾನು ಹೇಳುವುದು ಬಸ್ ಸ್ಟಾಪಿನ ಸುದ್ದಿ. ಅಲ್ಲಿ ಬಸ್ ಸ್ಟಾಪಿಗೆ ಗಾಜಿನ ಬಾಗಿಲು, ಒಳಗೆ ಎ.ಸಿ. ಇದೆ! ನಮ್ಮಲ್ಲಿ ತಗಡು ಹಾರಿಹೋದ ಸ್ಟಾಪಿನಡಿ ನಿಂತು ಜನ ಕೊಡೆಯನ್ನು ಬಿಚ್ಚುವುದನ್ನು ಆಯುಷ್ಯವಿಡೀ ಕಂಡ ನನಗೆ ಅಳು ಬರುವುದೊಂದು ಬಾಕಿ. ಬಸ್ಸಿನೊಳಗೆ ಹೋದರೆ ಕಂಡಕ್ಟರೇ ಇಲ್ಲ. ಜನ ಕಾರ್ಡು ಮುಟ್ಟಿಸುತ್ತಾರೆ, ಯಂತ್ರ ಕುಂಯ್ ಎನ್ನುತ್ತದೆ, ಮುಗಿಯಿತು. "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಮೈದಾನ ಉಂಟು" ಎನ್ನುವವನು ಯಾರೂ ಇಲ್ಲ. ನಮ್ಮ ಕುಲವೇ ನಿರ್ನಾಮವಾದ ಊರು ಅದು. ಅಭ್ಯಾಸ ಬಲದಿಂದ ನಾನೇ ಒಮ್ಮೆ ಬಾಗಿಲ ಹತ್ತಿರ ನಿಂತವರನ್ನು ಕಣ್ಣಿನಲ್ಲೇ ಒಳಗೆ ತಳ್ಳಿದೆ.

ಉಳಿದಂತೆ, ರಸ್ತೆಯ ನಡುವಿನ ಹೂಗಿಡಗಳ ಬುಡಬುಡಕ್ಕೂ ಸಣ್ಣ ನಳ ಹಾಕಿದ್ದಾರೆ. ಸಾವಿರಾರು ಕಾರು ಹೋಗುತ್ತವೆ, ಒಬ್ಬನೂ ಹಾರ್ನ್ ಹೊಡೆಯುವುದಿಲ್ಲ. ಕಟ್ಟಡಗಳ ತುದಿ ನೋಡಲು ಹೋದರೆ ಟೋಪಿ ಬೀಳುತ್ತದೆ, ನನ್ನದು ಬಿತ್ತು. ಇಷ್ಟೆಲ್ಲ ಮಾಡಿದವರನ್ನು ಮೆಚ್ಚಲೇಬೇಕು. ಮರಳಿನ ಮೇಲೆ ಹುಲ್ಲು ಬೆಳೆಸುವುದು ತಮಾಷೆಯಲ್ಲ. ನಮಗೆ ಇಷ್ಟು ಮಳೆ ಇದ್ದೂ ಹಿತ್ತಲಲ್ಲಿ ಬಸಳೆ ಚಪ್ಪರ ನೆಟ್ಟಗೆ ನಿಲ್ಲುವುದಿಲ್ಲ.

ಪ್ರಶಾಂತ ವಿಮಾನ ನಿಲ್ದಾಣಕ್ಕೇ ಬಂದಿದ್ದ. ತೆಳ್ಳಗಿನ ಹುಡುಗ, ಮಾತಿಗೊಮ್ಮೆ "ಮಾವಾ" ಎನ್ನುತ್ತಿದ್ದ. "ಇನ್ನೂ ಮಾವ ಆಗಿಲ್ಲ, ತಡೆಯೋ" ಎಂದರೆ ನಾಚುತ್ತಿದ್ದ. ಮನೆ ಎಂದರೆ ಮನೆ! ಹಜಾರದಲ್ಲಿ ಕಾಲು ಹುಗಿಯುವಂಥ ಜಮಖಾನ. ನೆಲದಿಂದ ಮಾಡಿನವರೆಗೂ ಗಾಜಿನ ಕಿಟಕಿ. ನಾನು ಗೋಡೆಗೆ ಬೆನ್ನು ತಾಗಿಸಿ ನಿಂತು ದೂರದಿಂದಲೇ ಹಣಿಕಿ ನೋಡಿದೆ. "ಅನ್ನ ಮಾತ್ರ ಉಣ್ಣುವುದಿಲ್ಲ" ಎಂದು ಕಟ್ಟಳೆ ತಿಳಿಸಿದೆ. ಹೊನ್ನಾವರದಿಂದ ತಂದ ಅವಲಕ್ಕಿಯ ಗಂಟನ್ನು ಅಡುಗೆ ಕಟ್ಟೆಯ ಮೇಲೆ ಇಟ್ಟೆ. ಪಾಪ, ಚಹ ಮಾಡಿ ಕೊಡುತ್ತೇನೆಂದು ಒಳಗೆ ಹೋದ. ಸಕ್ಕರೆ ಹುಡುಕಲು ಎಲ್ಲ ಕಪಾಟುಗಳ ಬಾಗಿಲನ್ನೂ ತೆರೆದು ಮುಚ್ಚಿದ. ಗಂಡು ಹುಡುಗ, ಅಡುಗೆಮನೆಯ ಗುರುತು ಎಲ್ಲಿ ಇರುತ್ತದೆ ಎಂದುಕೊಂಡು ಸುಮ್ಮನಿದ್ದೆ.

ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ನನ್ನ ಪರೀಕ್ಷೆ ಶುರುವಾಯಿತು. ಕಿಟಕಿಯಿಂದ ನೋಡಿದರೆ ರಸ್ತೆಯ ಆಚೆ ಒಂದು ದೊಡ್ಡ ಅಂಗಡಿ ಕಾಣುತ್ತಿತ್ತು. ಅಷ್ಟೇ ತಾನೇ ಎಂದು ಬಾಗಿಲು ಎಳೆದುಕೊಂಡು ಹೊರಬಿದ್ದೆ. ಕೆಳಗೆ ಇಳಿದರೆ ಕುಲುಮೆಯ ಬಾಯಿಗೆ ನಿಂತ ಹಾಗೆ ಬಿಸಿ. ಕಾಲುದಾರಿ ಚೆನ್ನಾಗಿಯೇ ಇತ್ತು. ಸ್ವಲ್ಪ ಮುಂದೆ ಹೋದ ಮೇಲೆ ಹೇಳದೆ ಕೇಳದೆ ಮುಗಿದುಹೋಯಿತು. ಮುಂದೆ ರಸ್ತೆ. ರಸ್ತೆಯೋ ಅದು? ಶರಾವತಿ ಹೊಳೆಯಾದರೂ ದೋಣಿ ಹಾಕಿ ದಾಟಬಹುದು. ಅಂಗಡಿಯ ಬೋರ್ಡಿನ ಅಕ್ಷರ ಓದಬಹುದಾದಷ್ಟು ಹತ್ತಿರ, ಆದರೆ ಹೋಗುವ ದಾರಿಯೇ ಇಲ್ಲ. ಅಡ್ಡ ದಾಟಿದರೆ ದಂಡ ಹಾಕುತ್ತಾರೆಂದು ಪ್ರಶಾಂತ ಮೊದಲೇ ಹೆದರಿಸಿದ್ದ. ಸೇತುವೆ ಹುಡುಕುತ್ತ ನಡೆದೆ, ನಡೆದೆ. ಕಣ್ಣು ಕತ್ತಲೆ ಬಂದು ಯಾವುದೋ ಮಾಲಿನ ಬಾಗಿಲಿಗೆ ಹೋಗಿ ಬಿದ್ದೆ. ಒಳಗೆ ಚಳಿಯೆಂದರೆ ಚಳಿ, ಬೆವರಿದ ಅಂಗಿ ಬೆನ್ನಿಗೆ ಮಂಜುಗಡ್ಡೆಯಾಯಿತು. ಹಲ್ಲು ಕಟಕಟ ಎನ್ನತೊಡಗಿದಾಗ ನಾಚಿಕೆ ಬಿಟ್ಟು ಆ ಸ್ವೆಟರ್ ಕೊಂಡೆ. ಕೊತ್ತಂಬರಿ ಸೊಪ್ಪು ಸಿಗಲಿಲ್ಲ.

ಕೊನೆಗೆ ಟ್ಯಾಕ್ಸಿ ಹಿಡಿದೆ. ಚಾಲಕ ಪೇಶಾವರದ ಮುದುಕ. ನಡೆದು ಬಂದೆ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದ್ದಕ್ಕೆ ಕನ್ನಡಿಯಲ್ಲಿ ನನ್ನನ್ನೂ ಸ್ವೆಟರನ್ನೂ ನೋಡಿದ. "ಈ ಕಡೆ ನಡೆಯುವವರು ಎರಡೇ ಜಾತಿ ಭಾಯಿಸಾಬ್. ದಾರಿ ತಪ್ಪಿದವರು, ಮತ್ತೆ ಸಕ್ಕರೆ ಕಾಯಿಲೆಯವರು" ಎಂದ.

ನನಗೆ ಬೇಜಾರಾಯಿತು. ಹುಡುಗ ಒಳ್ಳೆಯವನು, ಮನೆ ಅರಮನೆ, ಆದರೆ ಅಶ್ವಿನಿಗೆ ಏನು ಹೇಳಲಿ? ಸುಳ್ಳು ಹೇಳಿ ಅವಳನ್ನು ಈ ಗಾಜಿನ ಪೆಟ್ಟಿಗೆಯಲ್ಲಿ ತಂದು ಕೂರಿಸಲೇ? ನಿಜ ಹೇಳಿ ಕೈಗೆ ಬಂದ ಸಂಬಂಧ ಕಳೆಯಲೇ? ಮನೆಗೆ ತಿರುಗಿ ಬಂದಾಗಲೂ ಮೂಗು ಸೋರುತ್ತಿತ್ತು. ಹೊದೆಯಲು ಏನಾದರೂ ಸಿಕ್ಕೀತೆಂದು ಒಳಕೋಣೆಯ ಕಪಾಟು ತೆರೆದೆ. ಅಲ್ಲಿ ಕಂಬಳಿಯ ಹಿಂದೆ ಗುಲಾಬಿ ಬಣ್ಣದ ಶಾಲೆಯ ಚೀಲ! ಅದರ ಪಕ್ಕ ಚಿಕ್ಕ ಹುಡುಗಿಯ ಚಪ್ಪಲಿ, ಹೆಂಗಸರ ಬುರ್ಖಾ ಒಂದು, ಚಿನ್ನದ ಬಣ್ಣದ ಚೌಕಟ್ಟು ಹಾಕಿದ ಅರಬ್ಬಿ ಬರಹದ ಪಟ ಒಂದು. ಹಜಾರಕ್ಕೆ ಓಡಿ ಬಂದು ಗೋಡೆ ನೋಡಿದೆ. ಆ ಪಟದ ಅಳತೆಗೆ ಸರಿಯಾಗಿ ಗೋಡೆಯ ಮೇಲೆ ಬಿಳಿ ಮಚ್ಚೆ ಇತ್ತು.

ಅಯ್ಯೋ ದೇವರೇ, ಇವನಿಗೆ ಮೊದಲೇ ಹೆಂಡತಿ ಮಕ್ಕಳು ಇದ್ದಾರಲ್ಲಪ್ಪಾ! ಅವನು ಬರುವವರೆಗೆ ಶಾಲೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದ ತುದಿಯಲ್ಲಿ ಕೂತಿದ್ದೆ.

ಬಾಗಿಲು ತೆರೆದವನೇ ಪ್ರಶಾಂತ ಚೀಲ ನೋಡಿದ. ಅವನ ಮುಖ ಸುಣ್ಣದ ಹಾಗಾಯಿತು.

"ಯಾರದ್ದಾ ಇದು?" ಎಂದೆ. "ನಿನ್ನ ಮಗಳದ್ದನಾ?"

"ಅಯ್ಯಯ್ಯೋ, ಇಲ್ಲ ಮಾವಾ! ಇಮ್ತಿಯಾಜನ ಮಗಳದ್ದು."

"ಯಾವ ಇಮ್ತಿಯಾಜ?"

"ಭಟ್ಕಳದವ. ನನ್ನ ದೋಸ್ತ. ಇದು ಅವನ ಮನೆ. ಹೆಂಡ್ತಿ ಮಕ್ಕಳ ಸಂಗಡ ರಜೆಗೆ ಊರಿಗೆ ಹೋಗಿದ್ದ. ಕೀಲಿ ಕೊಟ್ಟು ಹೋಗಿದ್ದ."

ನನಗೆ ಮೊದಲು ಬಂದದ್ದು ಸಮಾಧಾನ, ಹೆಂಡತಿ ಇಲ್ಲವಲ್ಲ ಎಂದು. ಹಿಂದೆಯೇ ಸಿಟ್ಟು. ಸಿಟ್ಟಿನ ಹಿಂದೆ, ಏನು ಹೇಳಲಿ, ತಡೆಯಲಾರದಷ್ಟು ನಗು. ಯಾಕೆಂದರೆ ಇದು ಹೊಸ ವಿದ್ಯೆಯಲ್ಲ. ನನ್ನ ಅಜ್ಜಿಯ ತವರಿನವರು ಅಜ್ಜನ ಮನೆ ನೋಡಲು ಬಂದ ದಿನ ನಮ್ಮವರು ಪಕ್ಕದ ಕೇರಿಯಿಂದ ಎಮ್ಮೆಗಳನ್ನು ಕಡ ತಂದು ಕೊಟ್ಟಿಗೆ ತುಂಬಿಸಿದ್ದರಂತೆ. ಸಂಜೆ ಹಾಲು ಕರೆಯುವ ಹೊತ್ತಾಯಿತು. ನೆಂಟರು ಜಗಲಿಯಲ್ಲಿ ಎಲೆ ಅಡಿಕೆಯ ಕವಳ ಹಾಕುತ್ತ ಕೂತಿದ್ದಾಗಲೇ ಎಮ್ಮೆಗಳು ಹಗ್ಗ ಕಿತ್ತುಕೊಂಡು ಸಾಲಾಗಿ ಅವರ ಎದುರಿನಿಂದಲೇ ತಮ್ಮ ತಮ್ಮ ಮನೆಗೆ ನಡೆದವಂತೆ. ಅಜ್ಜ ಆಗ "ಮೇಯೂಕೆ ಹೊರಟವು" ಎಂದನಂತೆ, ಕತ್ತಲಾಗುವ ಹೊತ್ತಿನಲ್ಲಿ! ಈಗ ಎಮ್ಮೆ ಸಾಕುವವರು ಯಾರು? ಹುಡುಗ ಇಪ್ಪತ್ತೇಳನೇ ಮಾಳಿಗೆಯನ್ನೇ ಕಡ ತಂದಿದ್ದ.

"ನಗೂಕೆ ಎಂತ ಆತು ಮಾವಾ?" ಎಂದ ಪ್ರಶಾಂತ. ಅವನಿಗೆ ಅಳು ಬಂದಿತ್ತು. "ಅಪ್ಪ ಊರಲ್ಲೆಲ್ಲ ಹೇಳ್ಕಂಡು ಬಿಟ್ಟಿದ್ದ, ಮಗನ ಮನೆ ಹಾಂಗಿದ್ದು ಹೀಂಗಿದ್ದು ಅಂತ. ಮರ್ಯಾದಿ ಪ್ರಶ್ನೆ ಅಂದ. ನಂಗೆ ಬೇಡ ಅನ್ನೂಕೆ ಆಗ್ಲಿಲ್ಲ."

"ನೀನು ಇರೂದು ಎಲ್ಲಿ ಹಂಗಾರೆ?"

ಅವನು ಚಪ್ಪಲಿ ಮೆಟ್ಟಿದ. ನಾನೂ ಮೆಟ್ಟಿದೆ. ಮೆಟ್ರೋ ಹಿಡಿದು ಹಳೆಯ ಪೇಟೆಗೆ, ದೇರಾ ಎನ್ನುವ ಕಡೆಗೆ ಹೋದೆವು. ಇಳಿದು ಹೊರಗೆ ಬಂದೆ ನೋಡಿ, ಆ ಊರಿಗೆ ವಾಸನೆ ಬಂದಿತ್ತು! ಮೀನು, ಏಲಕ್ಕಿ, ಡೀಸೆಲ್ಲು, ಕರಿದ ಎಣ್ಣೆ. ಇಕ್ಕಟ್ಟಾದ ಬೀದಿಗಳು, ಅಂಗಡಿಯ ಎದುರು ಅಂಗಡಿ, ನೀರಿನಲ್ಲಿ ಜನರನ್ನು ದಾಟಿಸುವ ಮರದ ದೋಣಿಗಳು. ಯಾರೋ ಕೊಂಕಣಿಯಲ್ಲಿ ಜಗಳ ಮಾಡುತ್ತಿದ್ದರು, ಯಾರೋ ಮಲಯಾಳದಲ್ಲಿ ಸಮಾಧಾನ ಮಾಡುತ್ತಿದ್ದರು. ಒಬ್ಬ ಹೆಂಗಸು ತನ್ನ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಬದನೆಕಾಯಿ ಆರಿಸುತ್ತಿದ್ದಳು. ಕುಮಟಾದ ಸಂತೆಯನ್ನು ಮಡಚಿ ತಂದು ಇಲ್ಲಿ ಬಿಚ್ಚಿದ ಹಾಗಿತ್ತು.

ಅವನಿರುವುದು ಒಬ್ಬ ದರ್ಜಿಯ ಅಂಗಡಿಯ ಮೇಲಿನ ಖೋಲಿಯಲ್ಲಿ, ಕುಮಟಾ ಕಡೆಯ ಇನ್ನಷ್ಟು ಹುಡುಗರ ಜೊತೆ, ಒಂದರ ಮೇಲೊಂದು ಹಾಸಿಗೆ ಹಾಕಿಕೊಂಡು. ಮದುವೆಯಾದರೆ ಎರಡು ಗಲ್ಲಿ ಆಚೆ ಒಂದು ಕೋಣೆ, ಒಂದು ಅಡುಗೆಮನೆ ಇರುವ ಮನೆ ಹಿಡಿಯಬೇಕೆಂದು ನೋಡಿಟ್ಟಿದ್ದ. ಅದನ್ನೂ ತೋರಿಸಿದ. ಕಿಟಕಿ ಬೀದಿಗೆ ತೆರೆಯುತ್ತಿತ್ತು, ಗೋಡೆಯ ಸುಣ್ಣ ಸ್ವಲ್ಪ ಎದ್ದಿತ್ತು. "ಇದನ್ನು ತೋರಿಸಿದ್ರೆ ಹುಡುಗಿ ಕೊಡೂದಿಲ್ಲ ಅಂದ ಅಪ್ಪ" ಎಂದ.

"ಇಲ್ಲೇ ನಿಂತಿರು. ನನ್ನ ಹಿಂದೆ ಬರಬೇಡ" ಎಂದು ಹೇಳಿ ನಾನೊಬ್ಬನೇ ಮೆಟ್ಟಿಲು ಇಳಿದೆ. ಬೀದಿ ದಾಟಿದೆ, ತಿರುವಿನಲ್ಲಿ ತರಕಾರಿ ಅಂಗಡಿ. ಒಂದು ಕಟ್ಟು ಕೊತ್ತಂಬರಿ ಸೊಪ್ಪು ತೆಗೆದುಕೊಂಡೆ. ಅಂಗಡಿಯವನು ಕೇಳದೆಯೇ ಎರಡು ಹಸಿಮೆಣಸು ಮೇಲೆ ಹಾಕಿದ. ತಿರುಗಿ ಬಂದೆ. ಪ್ರಶಾಂತನಿಗೆ ನಾನು ಏನು ಮಾಡುತ್ತಿದ್ದೇನೆಂದು ಗೊತ್ತಾಗಲಿಲ್ಲ, ಸೊಪ್ಪಿನ ಕಟ್ಟನ್ನು ಹಿಡಿದು ನಿಂತ ನನ್ನನ್ನು ಮಿಕಿಮಿಕಿ ನೋಡಿದ. ನಾನು ಹೇಳಲೂ ಇಲ್ಲ, ಅದು ಹುಡುಗಿಯ ಗುಟ್ಟು.

ಖೋಲಿಗೆ ವಾಪಸು ಬಂದಾಗ ಹುಡುಗರು ನೆಲದ ಮೇಲೆ ಪೇಪರ್ ಹಾಸಿ ಊಟಕ್ಕೆ ಕೂತಿದ್ದರು. ಕುಚ್ಚಿಗೆ ಅಕ್ಕಿಯ ಅನ್ನ, ಬಂಗಡೆ ಸಾರು. ನಾನೂ ಒಂದು ಬದಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ.

"ನಂಗೂ ಬಡಿಸು" ಎಂದೆ.

ಪ್ರಶಾಂತ ಅನ್ನದ ಸೌಟು ಹಿಡಿದು ಹಾಗೇ ನಿಂತ. "ಮಾವಾ, ಅನ್ನ ಇದು."

"ಗೊತ್ತಿದ್ದು, ನಂಗೇನು ಕಣ್ಣು ಕಾಣೂದಿಲ್ಲನಾ? ಹಾಕು."

ಎರಡು ಸಲ ಹಾಕಿಸಿಕೊಂಡೆ. ಆದರೆ ಕೈ ತೊಳೆಯುವಾಗ ಅವನಿಗೆ ಸ್ಪಷ್ಟ ಹೇಳಿದೆ: "ನಾನು ಒಪ್ಪಿದೆ ಅಂತ ಹುಡುಗಿ ಒಪ್ಪಿದ ಹಾಗಲ್ಲ. ನೀನು ಮಾಡಿದ ಭಾನಗಡಿ ಎಲ್ಲ ಅವಳಿಗೆ ನಾನು ಹೇಳ್ತೇನೆ. ಮತ್ತೆ ಎಂತ ಆಗ್ತದೆ ಅಂತ ದೇವರಿಗೇ ಗೊತ್ತು. ಅವಳಿಗೆ ಸುಳ್ಳು ಸೇರೂದಿಲ್ಲ." ಹುಡುಗ ತಲೆ ತಗ್ಗಿಸಿ, "ಹೇಳಿ ಮಾವಾ. ನಂಗೆ ಹೇಳೂಕೆ ಧೈರ್ಯ ಇಲ್ಲ" ಎಂದ.

ಊರಿಗೆ ಬಂದ ಮೇಲೆ ಹಳದೀಪುರಕ್ಕೆ ಹೋದೆ. ಅಕ್ಕ ಒಳಗೆ ದೋಸೆ ಹೊಯ್ಯುತ್ತಿದ್ದಳು, ಭಾವ ಪೇಟೆಗೆ ಹೋಗಿದ್ದ. ಜಗಲಿಯ ಮೇಲೆ ಅಶ್ವಿನಿಯನ್ನು ಕೂರಿಸಿ ಎಲ್ಲ ಹೇಳಿದೆ. ದೊಡ್ಡ ಮನೆ, ದಾಟಲಾಗದ ರಸ್ತೆ, ಶಾಲೆಯ ಚೀಲ, ದರ್ಜಿಯ ಅಂಗಡಿ, ಸೊಪ್ಪು. ಒಂದನ್ನೂ ಬಿಡಲಿಲ್ಲ. ಅವಳು ನಡುವೆ ನಗಲಿಲ್ಲ, ಶಾಲೆಯ ಚೀಲದ ಹತ್ತಿರ ಬಂದಾಗಲೂ ನಗಲಿಲ್ಲ. ಕಥೆ ಮುಗಿದದ್ದೇ ಫೋನ್ ತೆಗೆದು ಅವನಿಗೆ ಹಚ್ಚಿ, ನನಗೂ ಕೇಳುವ ಹಾಗೆ ನಡುವೆ ಇಟ್ಟಳು.

"ನಮ್ಮ ಮಾವನಿಗೆ ತೋರಿಸಿದ್ರಲ್ಲ, ಆ ಮನೆ ಯಾರದ್ದು?" ಎಂದು ಕೇಳಿದಳು, ಏನೂ ಗೊತ್ತಿಲ್ಲದವಳ ಹಾಗೆ.

ಇಮ್ತಿಯಾಜನ ಹೆಸರು ಹೇಳೋ ಮಾರಾಯಾ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆ ಕಡೆ ಬೀದಿಯ ಗದ್ದಲ ಕೇಳುತ್ತಿತ್ತು.

"ನನ್ನದಲ್ಲ" ಎಂದ ಕೊನೆಗೆ. "ದೋಸ್ತನದ್ದು. ನನ್ನ ಮನೆ ಅಂತ ಇನ್ನೂ ಯಾವುದೂ ಇಲ್ಲ. ಒಂದು ಸಣ್ಣದು ನೋಡಿ ಇಟ್ಟಿದ್ದೆ. ನಿಮಗೆ ಸುಳ್ಳು ಹೇಳಿದ್ದು ತಪ್ಪಾಯ್ತು."

"ಅದನ್ನೂ ಹಿಡೀಬೇಡಿ."

"ಆತು" ಎಂದ. ಆ ಒಂದು ಮಾತಿನಲ್ಲಿ ಅವನು ಎಲ್ಲ ಆಸೆ ಬಿಟ್ಟದ್ದು ನನಗೂ ಕೇಳಿತು. ಬಾಯಿ ಹಾಕಬೇಕೆಂದು ನಾನು ಮುಂದೆ ಬಾಗಿದೆ. ಅಶ್ವಿನಿ ಕೈ ಅಡ್ಡ ಹಿಡಿದಳು.

"ಗೋಡೆ ಸುಣ್ಣ ಎದ್ದಿದ್ದಂತೆ. ಮಾವನಿಗೆ ಮನೆ ನೋಡೂಕೆ ಗೊತ್ತಾಗೂದಿಲ್ಲ, ನಿಮಗಂತೂ ಮೊದಲೇ ಇಲ್ಲ. ನಾ ಬಂದ ಮೇಲೆ ಸುತ್ತಮುತ್ತ ಎಲ್ಲ ತಿರುಗಿ ನೋಡಿ ಹಿಡಿಯುವಾ" ಎಂದು ಹೇಳಿ ಫೋನ್ ಇಟ್ಟುಬಿಟ್ಟಳು.

ಅವಳು ಏನು ಹೇಳಿದಳೆಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಎಂತ ಗುಸುಗುಸು ಮಾವ ಸೊಸೆದು? ಮನೆ ಹೇಂಗಿದ್ದಂತೆ?"

"ಮನೆ ಇಲ್ಲ ಅಮ್ಮಾ" ಎಂದಳು ಅಶ್ವಿನಿ. "ಹುಡುಗ ಇದ್ದಾನೆ."